ಬವೇರಿಯಾ ರಾಜ್ಯದಲ್ಲಿ ಅಷ್ಟು ಜನಪ್ರಿಯರಾಗಿದ್ದ ರಾಜಕಾರಣಿ ಸ್ಟ್ರೌಸ್ ಪಶ್ಚಿಮ ಜರ್ಮನಿಯ ಚಾನ್ಸಲರ್ ಯಾಕೆ ಆಗಲಿಲ್ಲ?

ಮುಖ್ಯ ಕಾರಣ, ಕೈಜೋಡಿಸುವ ಪಕ್ಷ ಸಿಗಲಿಲ್ಲ. 1980ರಲ್ಲಿ ಫ್ರಾಂಟ್ಸ್ ಯೋಸೆಫ್ ಸ್ಟ್ರೌಸ್ ಚಾನ್ಸಲರ್ (ಅಂದರೆ ಅಲ್ಲಿನ ಪ್ರಧಾನಿ) ಹುದ್ದೆಗೆ ನಿಂತಾಗ ಅವರ ಕೂಟಕ್ಕೆ ಶೇ. 44.5 ಮತ ಬಂತು. ಆಗಿನ ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಅವರ ಪಕ್ಷ ಎಸ್‌ಪಿಡಿಗಿಂತ ಇದು ಜಾಸ್ತಿಯೇ. ಆದರೆ ಪಶ್ಚಿಮ ಜರ್ಮನಿಯಲ್ಲಿ ಸೀಟುಗಳು ಮತದ ಪಾಲಿಗೆ ತಕ್ಕಂತೆ ಹಂಚಿಕೆಯಾಗುತ್ತಿದ್ದವು. ಒಬ್ಬರಿಗೇ ಬಹುಮತ ಸಿಗುವುದು ಕಷ್ಟ. ಹಾಗಾಗಿ ಎಫ್‌ಡಿಪಿ ಎಂಬ ಸಣ್ಣ ಉದಾರವಾದಿ ಪಕ್ಷ ಯಾರ ಕಡೆಯೋ ಅವರದೇ ಸರ್ಕಾರ. ಆಗ ಅದು ಶ್ಮಿಟ್ ಕಡೆ ಇತ್ತು.

ಆ ಪಕ್ಷಕ್ಕೂ ಸ್ಟ್ರೌಸ್‌ಗೂ ಹಳೇ ಜಗಳ. 1962ರಲ್ಲಿ ಅವರು ರಕ್ಷಣಾ ಸಚಿವರು. ಸೇನೆಯ ಕೊರತೆಗಳ ಬಗ್ಗೆ ಬರೆದ 'ಡೆರ್ ಶ್ಪೀಗೆಲ್' ಪತ್ರಿಕೆಯ ಮೇಲೆ ದಾಳಿಯಾಯಿತು. ಸ್ಪೇನಿನಲ್ಲಿದ್ದ ಅದರ ಪತ್ರಕರ್ತನನ್ನು ಹಿಡಿಸಲು ಸ್ಟ್ರೌಸ್ ತಾವೇ ಫೋನ್ ಮಾಡಿದ್ದರು. ಆದರೆ ಸಂಸತ್ತಿನಲ್ಲಿ ತಮಗೂ ಇದಕ್ಕೂ ಸಂಬಂಧವೇ ಇಲ್ಲ ಎಂದಿದ್ದರು! ಎಫ್‌ಡಿಪಿ ಆಗ ಅದೇ ಸರ್ಕಾರದಲ್ಲಿ ಪಾಲುದಾರ. ಅದರ ಸಚಿವರೆಲ್ಲ ರಾಜೀನಾಮೆ ಕೊಟ್ಟರು. ಸ್ಟ್ರೌಸ್ ಕುರ್ಚಿ ಬಿಡಬೇಕಾಯಿತು.

ಬವೇರಿಯಾ ಮಾತ್ರ ಕೈಬಿಡಲಿಲ್ಲ. ಮ್ಯೂನಿಕ್‌ನ ಮಾಂಸದಂಗಡಿಯವರ ಮಗ, ಮಾತಿನ ಮಲ್ಲ. 1978ರಿಂದ 1988ರಲ್ಲಿ ಸಾಯುವ ತನಕ ಅಲ್ಲಿ ಅವರೇ ಮುಖ್ಯಮಂತ್ರಿ. 1982ರಲ್ಲಿ ಅದೇ ಎಫ್‌ಡಿಪಿ ಬಣ ಬದಲಿಸಿತು. ಆಗ ಚಾನ್ಸಲರ್ ಆದದ್ದು ಸ್ಟ್ರೌಸ್ ಅವರ ಕೂಟದವರೇ ಆದ ಹೆಲ್ಮುಟ್ ಕೋಲ್.