40ನೇ ಮಹಡಿಯ ಆಫೀಸ್ ಗಾಳಿಗೆ ಅಲುಗಾಡುತ್ತಾ?

ಅಲುಗಾಡುತ್ತದೆ. ಹೊಸ ಕೆಲಸ 40ನೇ ಮಹಡಿಯಲ್ಲಿ, ಯೋಚನೆಯಾದ್ರೆ ಭಯ ಆಗುತ್ತೆ ಅಂತ ಬರೆದಿದ್ದೀರಿ. ನಾನು ಆರು ವರ್ಷದಿಂದ 41ನೇ ಮಹಡಿಯಲ್ಲಿ ಕೂರುತ್ತಿದ್ದೇನೆ. ಮಾಮೂಲಿ ದಿನ ಏನೂ ಗೊತ್ತಾಗಲ್ಲ.

ಜೋರು ಗಾಳಿಯ ದಿನ ಮಾತ್ರ ಬೇರೆ. ಮೊದಲ ಸಲ ಕಿಟಕಿ ಪರದೆಯ ದಾರ ನಿಧಾನಕ್ಕೆ ತೂಗಾಡೋದು ಕಂಡಾಗ ಎಸಿ ಗಾಳಿ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಲೋಟದಲ್ಲಿದ್ದ ನೀರೂ ಆ ಕಡೆ ಈ ಕಡೆ ವಾಲುತ್ತಿತ್ತು! ಜೊತೆಗೆ ಕಿರ್ ಕಿರ್ ಸದ್ದು, ಹಳೇ ಮಂಚದ ಮೇಲೆ ಯಾರೋ ಮಗ್ಗುಲು ಬದಲಿಸಿದ ಹಾಗೆ. ಒಳಗಿನ ತೆಳು ಗೋಡೆ, ಫಾಲ್ಸ್ ಸೀಲಿಂಗ್ ಒಂದಕ್ಕೊಂದು ಉಜ್ಜಿ ಬರುವ ಸದ್ದು ಅದು. ಕಂಬಗಳಿಗೆ ಏನೂ ಆಗಿರಲ್ಲ.

ವಿಚಿತ್ರ ಅಂದ್ರೆ, ಗಾಳಿ ಎದುರಿಂದ ತಳ್ಳೋದಕ್ಕಿಂತ ಪಕ್ಕಕ್ಕೆ ತೂಗಿಸೋದೇ ಎಂಜಿನಿಯರುಗಳಿಗೆ ಜಾಸ್ತಿ ತಲೆನೋವು. ಕಟ್ಟಡ ದಾಟುವಾಗ ಗಾಳಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಬಿಡುತ್ತಾ ಹೋಗುತ್ತದೆ. ಆ ಸುಳಿಗಳ ತಾಳ ಕಟ್ಟಡ ತಾನಾಗಿ ತೂಗುವ ತಾಳಕ್ಕೆ ಕೂಡಿಬಿಟ್ಟರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ತೂಗಾಟ ಏರುತ್ತದೆ. 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಮೇಲೇರಿದಂತೆ ಆಕಾರ ಬದಲಿಸುವುದು ಸುಮ್ನೆ ಚೆಂದಕ್ಕಲ್ಲ, ಸುಳಿಗಳಿಗೆ ಒಂದೇ ತಾಳ ಸಿಗದಿರಲಿ ಅಂತ. ತೈವಾನಿನ ಗಗನಚುಂಬಿ ಕಟ್ಟಡ ತೈಪೆ 101ರ ಮೇಲಿನ ಮಹಡಿಗಳಲ್ಲಿ 660 ಟನ್‌ನ ಉಕ್ಕಿನ ಗುಂಡು ತೂಗುಹಾಕಿದ್ದಾರೆ. ಕಟ್ಟಡ ಒಂದು ಕಡೆ ವಾಲಿದರೆ ಗುಂಡು ಹಿಂದೆ ಉಳಿದು ಅದರ ಓಟ ಹೀರಿಕೊಳ್ಳುತ್ತದೆ. 2015ರ ಚಂಡಮಾರುತಕ್ಕೆ ಆ ಗುಂಡು ಸುಮಾರು ಒಂದು ಮೀಟರ್ ಸರಿದಿತ್ತು. ಇಂಥವನ್ನು ಇಡುವುದು ಮುಖ್ಯವಾಗಿ ಒಳಗಿರುವವರಿಗೆ ತಲೆ ಸುತ್ತದಿರಲಿ ಅಂತ. ಕಟ್ಟಡ ನಿಲ್ಲೋದು ತನ್ನ ಗಟ್ಟಿತನದಿಂದಲೇ.

ನಿಜ ಹೇಳಬೇಕಂದ್ರೆ ನಿಮ್ಮನ್ನು ದಿನಾ ಕಾಡುವುದು ಗಾಳಿಯಲ್ಲ, ಲಿಫ್ಟು. ನಮ್ಮಲ್ಲಿ ಹೊರಗಡೆಯೇ ಮಹಡಿ ನಂಬರ್ ಒತ್ತಬೇಕು, ಯಾವ ಲಿಫ್ಟ್ ಅಂತ ಸ್ಕ್ರೀನ್ ಹೇಳುತ್ತದೆ. ಒಳಗೆ ಬಟನ್ನೇ ಇಲ್ಲ. ಮೊದಲ ದಿನ ಜನರ ಹಿಂದೆ ನುಗ್ಗಿ, 18ನೇ ಮಹಡಿಯಲ್ಲಿ ಇಳಿದು, ಯಾರದೋ ಆಫೀಸಿನ ಮುಂದೆ ಪೆಚ್ಚಾಗಿ ನಿಂತಿದ್ದೆ. ಕಿವಿ ಗುಂಯ್ ಅಂದರೆ ಉಗುಳು ನುಂಗಿ, ಸಾಕು. ಹಾಂ, ಗಾಳಿ ಜಾಸ್ತಿಯಾದರೆ ಲಿಫ್ಟಿನ ಹಗ್ಗಗಳೂ ತೂಗಾಡುತ್ತವೆ, ಅದಕ್ಕೆ ಅವತ್ತು ಲಿಫ್ಟಿನ ವೇಗ ಇಳಿಸುತ್ತಾರೆ. ಸಂಜೆ ಕ್ಯೂ ನೋಡಬೇಕು ನೀವು! ಅಂಥ ದಿನ ಹದಿನೈದು ನಿಮಿಷ ಮೊದಲೇ ಎದ್ದುಬಿಡಿ.

ಕಿಟಕಿ ಪಕ್ಕದ ಸೀಟು ಮೊದಲ ತಿಂಗಳು ಬೇಡ. ತೂಗಾಟ ಎಲ್ಲಿ ಕೂತರೂ ಹೆಚ್ಚುಕಮ್ಮಿ ಒಂದೇ, ಆದರೆ ಎದುರಿನ ಕಟ್ಟಡ ಸರಿದಂತೆ ಕಂಡರೆ ಹೊಟ್ಟೆ ತೊಳಸುತ್ತದೆ. ಇನ್ನು ಫೈರ್ ಡ್ರಿಲ್ ಇರೋ ದಿನ ಹೀಲ್ಸ್ ಹಾಕಬೇಡಿ. 41 ಮಹಡಿ ಇಳಿದ ಮೇಲೆ ಎರಡು ದಿನ ನನಗೆ ಮೀನಖಂಡ ಹಿಡಿದುಕೊಂಡು, ಮನೆಯ ಮೂರು ಮೆಟ್ಟಿಲನ್ನೂ ಅಡ್ಡಡ್ಡ ಇಳಿಯುತ್ತಿದ್ದೆ.