ರಾಜೀನಾಮೆ ಕೊಟ್ಟ ಮೇಲೆ ಏರಿದ ಸಂಬಳ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಯ ವಯಸ್ಸು 35ರ ಆಸುಪಾಸು. ಒಂದೇ ಕಂಪನಿಯಲ್ಲಿ 6 ವರ್ಷ. ಬೇರೆ ಕಡೆಯಿಂದ ಆಫರ್ ಲೆಟರ್ ಬಂತು, ರಾಜೀನಾಮೆ ಕೊಟ್ಟರು. ಮರುದಿನವೇ ಮ್ಯಾನೇಜರ್ ಕರೆದು, "ಅವರು ಕೊಡೋವಷ್ಟೇ ಸಂಬಳ ನಾವೂ ಕೊಡ್ತೀವಿ, ಮೇಲೆ ಬೋನಸ್ಸೂ ಇದೆ, ಹೋಗಬೇಡಿ" ಅಂದರಂತೆ. ಸಲಹೆ ಕೇಳಿ ನನ್ನ ಹತ್ತಿರ ಬಂದಾಗ ಆಕೆಗೆ ಮೂರು ದಿನದಿಂದ ನಿದ್ದೆ ಇರಲಿಲ್ಲ. "ಬೆಳಗ್ಗೆ ಹೋಗೋಣ ಅನ್ಸುತ್ತೆ, ಸಂಜೆ ಇಲ್ಲೇ ಇರೋಣ ಅನ್ಸುತ್ತೆ."

ಎರಡೂ ಕಡೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದರು. ಸಂಬಳ, ರಜೆ, ಓಡಾಟದ ಸಮಯ. ಅದನ್ನು ಪಕ್ಕಕ್ಕಿಟ್ಟು ಕೇಳಿದೆ: "ಬಿಡಬೇಕು ಅಂತ ಮೊದಲು ಅನ್ನಿಸಿದ್ದು ಯಾವಾಗ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನ್ ತೆಗೆದು ತೋರಿಸಿದರು. ಡ್ರಾಫ್ಟ್‌ನಲ್ಲಿ ಒಂದು ರಾಜೀನಾಮೆ ಪತ್ರ. 8 ತಿಂಗಳ ಹಿಂದೆ, ರಾತ್ರಿ 2.40ಕ್ಕೆ ಬರೆದದ್ದು. ಸಿಸ್ಟಂ ಯಾವಾಗ ಕೈಕೊಟ್ಟರೂ ರಾತ್ರಿ ಫೋನ್ ಬರುವುದು ಇವರೊಬ್ಬರಿಗೇ. ಜೊತೆಗೆ ಇನ್ನೊಬ್ಬರನ್ನು ಕೊಡಿ ಎಂದು ಕೇಳಿ ಕೇಳಿ ಸಾಕಾಗಿತ್ತು. ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ಹೇಳಿದೆ. ಆಕೆಗೆ ಅಳು ಬಂತು. ಬರಲಿ ಅಂತ ಬಿಟ್ಟೆ.

ಹೋಗಿ ಅಂತಲೂ ನಾನು ಹೇಳಲಿಲ್ಲ, ಇರಿ ಅಂತಲೂ ಹೇಳಲಿಲ್ಲ. ಮ್ಯಾನೇಜರ್‌ಗೆ ಒಂದು ಪ್ರಶ್ನೆ ಕೇಳಿ ಅಂದೆ: ರಾತ್ರಿ ಡ್ಯೂಟಿಗೆ ಎರಡನೆಯವರು ಯಾವ ತಾರೀಕಿನಿಂದ ಬರ್ತಾರೆ? ಉತ್ತರ ಇಮೇಲ್‌ನಲ್ಲೇ ಬರಲಿ. ಈಗ ಏರಿಸಿದ್ದನ್ನೇ ಮುಂದಿನ ಇನ್‌ಕ್ರಿಮೆಂಟ್ ಅಂತ ಲೆಕ್ಕ ಹಿಡಿಯುತ್ತಾರಾ, ಬೋನಸ್ ತಗೊಂಡು ಬೇಗ ಬಿಟ್ಟರೆ ವಾಪಸ್ ಕಟ್ಟಬೇಕಾ, ಅದನ್ನೂ ಎಚ್‌ಆರ್ ಹತ್ತಿರ ವಿಚಾರಿಸಿ ಅಂದೆ. ಉಳಿಸಿಕೊಳ್ಳುವ ಅವಸರದಲ್ಲಿ ಇಂಥ ಷರತ್ತುಗಳನ್ನು ಎಷ್ಟೋ ಸಲ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಸ ಕಂಪನಿಗೂ ಅದೇ ರಾತ್ರಿ ಡ್ಯೂಟಿಯ ಪ್ರಶ್ನೆ ಹಾಕಲು ಹೇಳಿದೆ. ಅಲ್ಲಿ ಏನಿದೆ ಎಂದು ಆಕೆ ಕೇಳಿಯೇ ಇರಲಿಲ್ಲ!

ಮ್ಯಾನೇಜರ್ ಕೆಟ್ಟವರೇನಲ್ಲ. ಕೆಲಸ ನಿಂತುಹೋದೀತು ಅನ್ನೋ ಗಾಬರಿ ಅವರದು. ಆದರೂ ಅವರ ಉತ್ತರ ಬಂದದ್ದು ಫೋನಿನಲ್ಲಿ, "ಮುಂದಿನ ಬಜೆಟ್‌ನಲ್ಲಿ ನೋಡೋಣ" ಎಂದು. ಹೊಸ ಕಡೆಯವರು ನಾಲ್ಕು ಜನ ಸರದಿಯಂತೆ ರಾತ್ರಿ ನೋಡಿಕೊಳ್ತಾರೆ ಎಂದು ಬರೆದು ಕಳಿಸಿದರು. ಅಲ್ಲಿ ಸೇರುವ ದಿನವನ್ನು ಆಕೆ ಖಚಿತ ಮಾಡಿದರು.

ಈಗ ನೋಟಿಸ್ ಪೀರಿಯಡ್ ನಡೆಯುತ್ತಿದೆ. ತನ್ನ ಜಾಗಕ್ಕೆ ಬರುವ ಹುಡುಗನಿಗೆ ಇನ್ನು ಆ ಫೋನ್ ಹೋಗುತ್ತಲ್ಲಾ ಅನ್ನೋ ಸಂಕಟ ಆಕೆಗಿದೆ. ಮುಂದಿನ ವಾರ ಅದನ್ನೇ ಮಾತಾಡೋಣ ಅಂದಿದ್ದೇನೆ.