ಚಿಲಿಯ ಹಂಬರ್‌ಸ್ಟೋನ್ ಗಣಿ ಊರನ್ನು ಜನ ಯಾಕೆ ಬಿಟ್ಟು ಹೋದರು?

ಗಣಿ ಬರಿದಾಗಿದ್ದಕ್ಕಲ್ಲ. ಅಲ್ಲಿ ಅಗೆಯುತ್ತಿದ್ದ ಸರಕನ್ನು ಕಾರ್ಖಾನೆಯಲ್ಲೇ ಅಗ್ಗವಾಗಿ ಮಾಡುವ ದಾರಿ ಸಿಕ್ಕಿತು, ಅದಕ್ಕೇ.

ಆ ಸರಕು ನೈಟ್ರೇಟ್ ಉಪ್ಪು. ಗೊಬ್ಬರಕ್ಕೂ ಬೇಕು, ಸಿಡಿಮದ್ದಿಗೂ ಬೇಕು. ನೀರು ತಾಗಿದರೆ ಕರಗಿಹೋಗುವ ವಸ್ತು ಅದು. ಅಟಕಾಮಾ ಮರುಭೂಮಿಯಲ್ಲಿ ಮಳೆ ಬೀಳುವುದೇ ಅಪರೂಪ, ಹಾಗಾಗಿ ನೆಲದ ಮೇಲ್ಪದರದಲ್ಲೇ ಗಟ್ಟಿಯಾಗಿ ಉಳಿದಿತ್ತು. 1872ರಲ್ಲಿ ಇಲ್ಲಿ ಕೆಲಸ ಶುರುವಾಯಿತು. ಕಾರ್ಮಿಕರ ದುಡಿಮೆ ನೆನೆದರೆ ಸಂಕಟವಾಗುತ್ತದೆ. ಬಹಳ ಕಾಲ ಅವರಿಗೆ ಕೂಲಿಯಾಗಿ ಸಿಗುತ್ತಿದ್ದದ್ದು ದುಡ್ಡಲ್ಲ, ಬಿಲ್ಲೆಗಳು. ಅವು ಕಂಪನಿಯ ಅಂಗಡಿಯಲ್ಲಿ ಮಾತ್ರ ನಡೆಯುತ್ತಿದ್ದವು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳಾದ ಹೇಬರ್ ಮತ್ತು ಬಾಷ್ ಗಾಳಿಯಲ್ಲಿರುವ ಸಾರಜನಕದಿಂದಲೇ ಅಮೋನಿಯಾ ತಯಾರಿಸುವ ವಿಧಾನ ಕಂಡುಹಿಡಿದರು. ಅಮೋನಿಯಾದಿಂದ ನೈಟ್ರೇಟ್ ಮಾಡಬಹುದು. ಮತ್ತೆ ಅಷ್ಟು ದೂರದಿಂದ ಹಡಗಿನಲ್ಲಿ ಯಾಕೆ ತರಿಸಬೇಕು, ಅಲ್ವಾ? ವ್ಯಾಪಾರ ಕುಸಿಯಿತು, 1960ರಲ್ಲಿ ಊರೇ ಖಾಲಿಯಾಯಿತು.

ಮರದ ಕುರ್ಚಿಗಳಿರುವ ನಾಟಕಶಾಲೆ, ಕಬ್ಬಿಣದ ತಗಡು ಜೋಡಿಸಿ ಕಟ್ಟಿದ ಈಜುಕೊಳ ಇವತ್ತಿಗೂ ಇವೆ. ಒಣ ಹವೆಯಲ್ಲಿ ಮರ ಬೇಗ ಕೊಳೆಯುವುದಿಲ್ಲ. ಉಪ್ಪಿನ ಗಾಳಿಗೆ ಕಬ್ಬಿಣ ಮಾತ್ರ ತುಕ್ಕು ಹಿಡಿಯುತ್ತಲೇ ಇದೆ. 2005ರಲ್ಲಿ ಯುನೆಸ್ಕೋ ಇದನ್ನು ಪಕ್ಕದ ಇನ್ನೊಂದು ನೈಟ್ರೇಟ್ ತಾಣ ಸಾಂಟಾ ಲಾರಾ ಜೊತೆ ವಿಶ್ವ ಪರಂಪರೆಯ ಪಟ್ಟಿಗೂ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಒಟ್ಟಿಗೇ ಸೇರಿಸಿತು. ದುರಸ್ತಿ ನಡೆದ ಮೇಲೆ, 2019ರಲ್ಲಿ ಅಪಾಯದ ಪಟ್ಟಿಯಿಂದ ತೆಗೆಯಿತು.